ತೊಟ್ಟಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನ 'ಕ್ರೇಡಲ್' ಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕು ಅಂತ ನನ್ನನ್ನು ಬಹಳ ಜನ ಕೇಳುತ್ತಾರೆ. ಅನುವಾದ ಮಾಡುವವರು ಕೇಳುತ್ತಾರೆ. ಪರೀಕ್ಷೆಗೆ ಓದುವ ಮಕ್ಕಳು ಕೇಳುತ್ತಾರೆ. ನಾಮಕರಣಕ್ಕೆ ತಯಾರಿ ಮಾಡುವ ಹೊಸ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಅವರಿಗೆ ಬೇಕಾದದ್ದು ಪದವಲ್ಲ, ವಸ್ತು. ಇಷ್ಟು ದಿನ ಒಬ್ಬೊಬ್ಬರಿಗೆ ಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕ್ರೇಡಲ್ ಅಂದರೆ ತೊಟ್ಟಿಲು. ಅಷ್ಟೇ ಅಲ್ವಾ?

ಮಗು ಮಲಗಿಸುವ ವಸ್ತುವಿನ ಮಟ್ಟಿಗೆ ಅಷ್ಟೇ. ಆದರೆ ಎರಡು ಪದಗಳ ಹಿಂದಿರುವ ಚಿತ್ರ ಬೇರೆ ಬೇರೆ. ಮುಂದಿನ ಅರ್ಧ ಗೊಂದಲ ಹುಟ್ಟುವುದು ಅಲ್ಲಿಂದಲೇ.

ಯುರೋಪಿನ ಹಳೆಯ ತೊಟ್ಟಿಲು ನೆಲದ ಮೇಲೆ ಕೂರುತ್ತದೆ. ಕೆಳಗೆ ಬಿಲ್ಲಿನ ಹಾಗೆ ಬಾಗಿದ ಎರಡು ಮರದ ಪಟ್ಟಿ ಇರುತ್ತವೆ. ಕಾಲಲ್ಲಿ ಒತ್ತಿದರೂ ಸಾಕು, ಅತ್ತಿತ್ತ ವಾಲುತ್ತದೆ. ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಕ್ರಿ.ಶ. 79ರಲ್ಲಿ ಸಿಡಿದಾಗ ಹರ್ಕ್ಯುಲೇನಿಯಂ ಎಂಬ ಊರು ಮುಚ್ಚಿಹೋಯಿತು. ಅಲ್ಲಿ ಅಗೆದಾಗ ಇದ್ದಿಲಾಗಿ ಉಳಿದಿದ್ದ ಮರದ ತೊಟ್ಟಿಲೊಂದು ಸಿಕ್ಕಿತು. ಅದೂ ಇಂಥದ್ದೇ, ಬಾಗಿದ ಪಟ್ಟಿಗಳ ಮೇಲೆ ನಿಂತದ್ದು.

ನಮ್ಮ ತೊಟ್ಟಿಲು ನೆಲಕ್ಕೆ ತಾಗುವುದಿಲ್ಲ. ತೊಲೆಗೆ ಹಾಕಿದ ಕೊಂಡಿಯಿಂದ ಹಗ್ಗದಲ್ಲೋ ಸರಪಳಿಯಲ್ಲೋ ಇಳಿಬಿದ್ದಿರುತ್ತದೆ. ಹಾಗಾಗಿ ಇಂಗ್ಲಿಷಿನವರಿಗೆ ಈ ಪದ ಕೇಳಿದ ತಕ್ಷಣ ನೆನಪಾಗುವುದು ಒಂದು ವಸ್ತುವನ್ನು ಬೀಳದ ಹಾಗೆ ಹಿಡಿದುಕೊಳ್ಳುವ ತಳ. ನಮಗೆ ನೆನಪಾಗುವುದು ತೂಗಾಟ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲಿ 'ತೊಟ್ಟಿಲು' ಬಳಸಬೇಕು, ಎಲ್ಲಿ ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಈ ಪದ ಸಂಸ್ಕೃತದಿಂದ ಬಂದದ್ದೇ?

ಅಲ್ಲ. ಅಚ್ಚ ದ್ರಾವಿಡ ಪದ. ತಮಿಳು, ಮಲಯಾಳ, ತುಳುವಿನಲ್ಲಿ 'ತೊಟ್ಟಿಲ್'. ನಾವು ಕೊನೆಗೆ ಒಂದು ಉಕಾರ ಸೇರಿಸಿಕೊಂಡಿದ್ದೇವೆ. ಮಾತಿನಲ್ಲಿ ಹಳೇ ಮೈಸೂರಿನ ಕಡೆ 'ತೊಟ್ಲು', ಧಾರವಾಡದ ಕಡೆ 'ತೊಟ್ಟಲ'. ಎಲ್ಲವೂ ಸರಿ.

'ತೊಟ್ಟಿ' ಮತ್ತು 'ತೊಟ್ಟಿಲು' ಒಂದೇನಾ ಅಂತಲೂ ಕೆಲವರು ಕೇಳುತ್ತಾರೆ. ನೀರಿನ ತೊಟ್ಟಿ, ತೊಟ್ಟಿಮನೆ, ಇವು ಬೇರೆ. ಬಳಕೆಯಲ್ಲಿ ಒಂದರ ಬದಲು ಇನ್ನೊಂದು ಬರುವುದಿಲ್ಲ.

ತೊಟ್ಟಿಲು, ಜೋಲಿ, ಉಯ್ಯಾಲೆ, ಜೋಕಾಲಿ. ಇವುಗಳಲ್ಲಿ ಏನು ವ್ಯತ್ಯಾಸ?

ತೊಟ್ಟಿಲಿಗೆ ಚೌಕಟ್ಟು ಇರಬೇಕು. ಮರ, ಬೆತ್ತ, ಕಬ್ಬಿಣ, ಯಾವುದಾದರೂ ಆಗಬಹುದು. ಸುತ್ತ ಕಟಕಟೆ, ಕೆಳಗೆ ಸಪಾಟಾದ ತಳ. ಚೌಕಟ್ಟಿಲ್ಲದೆ ಸೀರೆಯನ್ನೋ ಪಂಚೆಯನ್ನೋ ಜಂತಿಗೆ, ಮರದ ಕೊಂಬೆಗೆ ಕಟ್ಟಿದರೆ ಅದು ಜೋಲಿ. ಗದ್ದೆ ಬದುವಿನಲ್ಲಿ, ರಸ್ತೆ ಕೆಲಸ ನಡೆಯುವ ಕಡೆ ಮರದ ನೆರಳಲ್ಲಿ ನೀವು ನೋಡುವುದು ಜೋಲಿಯನ್ನೇ. 'ಜೋಲಿ ಹೊಡೆಯುವುದು', 'ಜೋಲಿ ತಪ್ಪುವುದು' ಎಂಬ ಮಾತುಗಳಲ್ಲಿರುವುದೂ ಅದೇ ತೂಗಾಟ.

ಉಯ್ಯಾಲೆ, ಜೋಕಾಲಿ ಕೂತು ಆಡುವವು. ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಜೀಕುವುದು ಜೋಕಾಲಿ. ದೊಡ್ಡ ಮನೆಗಳ ನಡುಮನೆಯಲ್ಲಿ ಹಲಗೆ ತೂಗುಹಾಕಿದ್ದರೆ ಅದು ತೂಗುಮಂಚ ಅಥವಾ ಉಯ್ಯಾಲೆ. ದೊಡ್ಡವರು ಮಲಗಿದರೂ ಅದನ್ನು ಯಾರೂ ತೊಟ್ಟಿಲು ಅನ್ನುವುದಿಲ್ಲ. ತೊಟ್ಟಿಲು ಕೂಸಿಗೆ ಮೀಸಲು.

'ತೊಟ್ಟಿಲು ಅಲ್ಲಾಡಿಸಿದಳು' ಅಂತ ಬರೆದರೆ ತಪ್ಪೇ?

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದುವವರಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ತೊಟ್ಟಿಲನ್ನು ಕಟ್ಟುತ್ತೇವೆ, ತೂಗುತ್ತೇವೆ. ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆ.

'ತೂಗು' ನನಗೆ ತುಂಬಾ ಇಷ್ಟವಾದ ಪದ. ತಕ್ಕಡಿಯಲ್ಲಿ ಅಕ್ಕಿ ತೂಗುವುದೂ ಅದೇ, ಹಾಡು ಕೇಳಿ ತಲೆ ತೂಗುವುದೂ ಅದೇ, ತೊಟ್ಟಿಲು ತೂಗುವುದೂ ಅದೇ. ಮೂರರಲ್ಲೂ ಇಳಿಬಿದ್ದದ್ದೊಂದು ಹಗುರವಾಗಿ ಆಡುತ್ತದೆ.

ಇನ್ನು ಇಂಗ್ಲಿಷಿನಲ್ಲಿ 'ಕ್ರೇಡಲ್' ಕ್ರಿಯಾಪದವೂ ಹೌದು. ಮಗುವನ್ನು, ಗಾಯಗೊಂಡ ನಾಯಿಮರಿಯನ್ನು, ಬಿಸಿ ಕಾಫಿ ಲೋಟವನ್ನು ಕೂಡ 'ಕ್ರೇಡಲ್' ಮಾಡುತ್ತಾರೆ. ಅದಕ್ಕೆ ತೊಟ್ಟಿಲಿನ ಸಹವಾಸ ಬೇಡ. ಎದೆಗವಚಿಕೊಂಡಳು, ಮಡಿಲಲ್ಲಿ ಮಲಗಿಸಿಕೊಂಡಳು, ತೋಳಲ್ಲಿ ಎತ್ತಿಕೊಂಡಳು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಷ್ಟು ಚೆನ್ನಾಗಿವೆ ನೋಡಿ. ಹಿಂದೊಮ್ಮೆ ಒಂದು ಅನುವಾದದ ಕರಡಿನಲ್ಲಿ 'ಅವನು ಫೋನನ್ನು ತೊಟ್ಟಿಲಲ್ಲಿ ಮಲಗಿಸಿದ' ಅಂತ ಓದಿದ್ದೆ. ಬರೆದವರು ನಿಘಂಟು ನೋಡಿಯೇ ಬರೆದಿದ್ದರು. ತಪ್ಪು ಅವರದಲ್ಲ, ಆ ನಿಘಂಟಿನಲ್ಲಿ ಒಂದೇ ಅರ್ಥ ಇತ್ತು. 'ಫೋನ್ ಇಟ್ಟ' ಅಂದಿದ್ದರೆ ಮುಗಿಯುತ್ತಿತ್ತು.

ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲು ಯಾಕೆ ಮಲಗಿಸುತ್ತಾರೆ?

ಎಲ್ಲ ಮನೆಗಳಲ್ಲೂ ಈ ಪದ್ಧತಿ ಇಲ್ಲ. ಇರುವ ಕಡೆ ನಾಮಕರಣದ ದಿನ ರುಬ್ಬುವ ಗುಂಡುಕಲ್ಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಮಗುವಿನ ಹಾಗೆ ಬಟ್ಟೆ ಸುತ್ತಿ ಮೊದಲು ಅದನ್ನು ಮಲಗಿಸಿ ತೂಗುತ್ತಾರೆ. ಆಮೇಲೆ ಮಗು. ಮುತ್ತೈದೆಯರು ತೊಟ್ಟಿಲಿನ ಆಚೆ ಈಚೆ ನಿಂತು ಮಗುವನ್ನು ಕೆಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ ದಾಟಿಸುತ್ತಾರೆ. ದಾಟಿಸುವಾಗ ಗೋವಿಂದನನ್ನು ತಗೊಳ್ಳಿ, ಗೋಪಾಲನನ್ನು ತಗೊಳ್ಳಿ ಅಂತ ದೇವರ ಹೆಸರು ಹೇಳುತ್ತಾರೆ. ನಂತರ ಸೋದರತ್ತೆ ಕಿವಿಯಲ್ಲಿ ಹೆಸರು ಕೂಗುತ್ತಾಳೆ.

ಕಲ್ಲಿನ ಹಾಗೆ ಮಗು ಗಟ್ಟಿಯಾಗಿರಲಿ ಎಂಬುದು ಹಿರಿಯರು ಕೊಡುವ ಕಾರಣ. ನನಗೆ ಇನ್ನೊಂದೂ ತೋರುತ್ತದೆ. ಹಗ್ಗ, ಕೊಂಡಿ, ತೊಲೆ ಎಲ್ಲ ಭಾರ ತಡೆಯುತ್ತವೆಯೇ ಎಂಬ ಪರೀಕ್ಷೆಯೂ ಆಗಿಹೋಗುತ್ತದೆ. ಹಸುಗೂಸಿಗಿಂತ ಗುಂಡುಕಲ್ಲು ಜಾಸ್ತಿ ಭಾರ. ಕಲ್ಲು ತಡೆದ ಹಗ್ಗ ಕೂಸನ್ನು ತಡೆಯುತ್ತದೆ.

ದೇವರಿಗೂ ತೊಟ್ಟಿಲು ಕಟ್ಟುತ್ತಾರಲ್ಲ, ಯಾವಾಗ?

ಕೃಷ್ಣಾಷ್ಟಮಿಯ ರಾತ್ರಿ ಬಾಲಕೃಷ್ಣನಿಗೆ, ರಾಮನವಮಿಯ ನಡುಹಗಲು ರಾಮನಿಗೆ. ಬಸವ ಜಯಂತಿಯಂದು ಬಾಲ ಬಸವಣ್ಣನನ್ನು ತೊಟ್ಟಿಲಿಗೆ ಹಾಕಿ ನಾಮಕರಣ ಮಾಡುವುದು ಉತ್ತರ ಕರ್ನಾಟಕದ ಊರೂರಲ್ಲೂ ಉಂಟು. ಜೋಗುಳ ಹಾಡುವುದು ಊರಿನ ಹೆಂಗಸರೇ.

ಹರಕೆಯ ತೊಟ್ಟಿಲುಗಳದು ಇನ್ನೊಂದು ಕಥೆ. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲಿಡುವ ಕೃಷ್ಣನ ಮೂರ್ತಿ ಇದೆ. ಮಕ್ಕಳಿಲ್ಲದವರು ಅಲ್ಲಿಗೆ ಹೋಗಿ ಹರಕೆ ಹೊರುತ್ತಾರೆ, ಮಗುವಾದ ಮೇಲೆ ತೊಟ್ಟಿಲು ಒಪ್ಪಿಸುತ್ತಾರೆ. ಮರದ್ದು, ಬೆಳ್ಳಿಯದ್ದು, ಅವರವರ ಶಕ್ತಿಗೆ ತಕ್ಕದ್ದು. ಬೇರೆ ಎಷ್ಟೋ ಊರುಗಳಲ್ಲಿ ಗುಡಿ ಮುಂದಿನ ಮರಕ್ಕೆ ಅಂಗೈ ಅಗಲದ ತೊಟ್ಟಿಲು ಕಟ್ಟಿರುತ್ತಾರೆ. ಕೊಂಬೆ ತುಂಬ ಪುಟ್ಟ ತೊಟ್ಟಿಲುಗಳು ಗಾಳಿಗೆ ತೂಗುವುದನ್ನು ನೋಡಿ ಸುಮ್ನೆ ಮುಂದೆ ಹೋಗಲು ನನ್ನಿಂದ ಆಗಿಲ್ಲ. ಒಂದೊಂದೂ ಒಬ್ಬೊಬ್ಬ ಹೆಂಗಸಿನ ಎಷ್ಟೋ ವರ್ಷದ ಕಾಯುವಿಕೆ.

ಕಲಘಟಗಿ ತೊಟ್ಟಿಲಿನಲ್ಲಿ ಅಂಥದ್ದೇನು ವಿಶೇಷ?

ಬಣ್ಣ. ಮೊದಲು ಕಣ್ಣಿಗೆ ಬೀಳುವುದು ಅದೇ.

ಕಲಘಟಗಿ ಧಾರವಾಡ ಜಿಲ್ಲೆಯ ಊರು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ, ಬಯಲುಸೀಮೆ ಮುಗಿದು ಕಾಡು ಶುರುವಾಗುವ ಅಂಚಿನಲ್ಲಿದೆ. ಸಾಗವಾನಿ ಮರ ಹತ್ತಿರದಲ್ಲೇ ಸಿಗುತ್ತಿತ್ತು. ಅಲ್ಲಿನ ಕೆಲವೇ ಮನೆತನಗಳು ತಲೆಮಾರುಗಳಿಂದ ತೊಟ್ಟಿಲು ಮಾಡಿಕೊಂಡು ಬಂದಿವೆ. ಗುಂಡನೆಯ ಕಂಬಗಳನ್ನು ತಿರುಗಿಸುತ್ತಲೇ ಅವಕ್ಕೆ ಅರಗಿನ ಬಣ್ಣ ಹಿಡಿಸುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ, ಹೊಳಪು ಬರುತ್ತದೆ. ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ, ಹೂಬಳ್ಳಿ, ಗಿಳಿ. ಕೆಂಪು, ಹಳದಿ, ಹಸಿರು ಎದ್ದು ಕಾಣುತ್ತವೆ. ಒಂದು ಒಳ್ಳೆಯ ತೊಟ್ಟಿಲು ಮುಗಿಯುವುದಕ್ಕೆ ವಾರಗಳೇ ಬೇಕು. ಬೆಲೆ ಕೆಲವು ಸಾವಿರದಿಂದ ಹಿಡಿದು ಲಕ್ಷ ದಾಟುವವರೆಗೂ ಇರುವುದು ಅದಕ್ಕೇ.

ನಟ ಅಂಬರೀಷ್ ಅವರು ಯಶ್, ರಾಧಿಕಾ ಪಂಡಿತ್ ದಂಪತಿಗೆ ಹುಟ್ಟಲಿದ್ದ ಮಗುವಿಗೆ ಕಲಘಟಗಿಯಲ್ಲೇ ತೊಟ್ಟಿಲು ಮಾಡಲು ಹೇಳಿದ್ದರು. 2018ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಡಿಸೆಂಬರ್‌ನಲ್ಲಿ ಮಗು ಹುಟ್ಟಿತು. ಕೊಟ್ಟವರು ಇಲ್ಲವಾದ ಮೇಲೆ ತೊಟ್ಟಿಲು ಆ ಮನೆ ಸೇರಿತು. ಕಲಘಟಗಿಯ ಹೆಸರನ್ನೇ ಕೇಳದಿದ್ದ ಎಷ್ಟೋ ಜನ ಆ ಸುದ್ದಿ ಓದಿ ತೊಟ್ಟಿಲಿನ ಬಗ್ಗೆ ತಿಳಿದುಕೊಂಡರು.

ಆ ಕಡೆಯ ಪದ್ಧತಿಯಲ್ಲಿ ತೊಟ್ಟಿಲು ಬರುವುದು ತವರಿನಿಂದ. ಚೊಚ್ಚಲ ಹೆರಿಗೆ, ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಜೊತೆಗೆ ತೊಟ್ಟಿಲನ್ನೂ ಕಳಿಸುತ್ತಾರೆ. ನಮ್ಮ ಮನೆಯ ತೊಟ್ಟಿಲೂ ಅಜ್ಜಿಯ ತವರಿನಿಂದ ಎತ್ತಿನ ಗಾಡಿಯಲ್ಲಿ ಬಂದದ್ದು. ಅದರಲ್ಲಿ ಅಪ್ಪ ಮಲಗಿದ್ದರು, ಅತ್ತೆಯಂದಿರು ಮಲಗಿದ್ದರು, ನಾನೂ ಮಲಗಿದ್ದೆ. ತೊಟ್ಟಿಲು ಮತ್ತು ತವರು ಎಂಬ ಈ ಜೋಡಿಯನ್ನು ನೆನಪಿಡಿ. ಮುಂದಿನ ಪ್ರಶ್ನೆಗೆ ಬೇಕಾಗುತ್ತದೆ.

ಐಹೊಳೆಯನ್ನು 'ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು' ಅನ್ನುತ್ತಾರೆ. ದಕ್ಷಿಣ ಕನ್ನಡವನ್ನು ಒಬ್ಬರು 'ಬ್ಯಾಂಕುಗಳ ತೊಟ್ಟಿಲು' ಅಂದರೆ ಇನ್ನೊಬ್ಬರು 'ಬ್ಯಾಂಕುಗಳ ತವರು' ಅನ್ನುತ್ತಾರೆ. ಯಾವುದು ಸರಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು ವಿಷಯ ಮೊದಲು ಹುಟ್ಟಿದ ಜಾಗಕ್ಕೆ 'ಕ್ರೇಡಲ್' ಅನ್ನುವುದು ಇಂಗ್ಲಿಷಿನ ರೂಢಿ. ಪಠ್ಯಪುಸ್ತಕಗಳ ಮೂಲಕ ಅದು ಕನ್ನಡಕ್ಕೂ ಬಂತು. ಆದರೆ ಅದೇ ಕೆಲಸಕ್ಕೆ ನಮ್ಮಲ್ಲಿ ಮೊದಲೇ ಒಂದು ಪದ ಇತ್ತು: ತವರು. ರೇಷ್ಮೆಯ ತವರು, ಶ್ರೀಗಂಧದ ತವರು ಅಂತ ಹೇಳುತ್ತಲೇ ಇದ್ದೇವೆ. ಎರಡೂ ಹುಟ್ಟಿನ ಮಾತೇ ಆದರೂ ಎರಡರ ಅರ್ಥ ಒಂದೇ ಅಲ್ಲ. ತೊಟ್ಟಿಲಲ್ಲಿ ಇರುವುದು ಎಳೆಗೂಸು, ಇನ್ನೂ ಕಾಲು ಊರಲು ಬಾರದ್ದು. ತವರು ಅಂದರೆ ಹುಟ್ಟಿ, ಬೆಳೆದು, ಹೊರಟುಹೋದವಳ ಮನೆ.

ಈಗ ಐಹೊಳೆಗೆ ಹೋಗೋಣ. ಬಾಗಲಕೋಟೆ ಜಿಲ್ಲೆಯಲ್ಲಿ ಮಲಪ್ರಭೆಯ ದಂಡೆಯ ಊರು. 120ಕ್ಕೂ ಹೆಚ್ಚು ಗುಡಿಗಳಿವೆ. ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲಿನಲ್ಲಿ ಗುಡಿ ಕಟ್ಟುವುದು ಹೇಗೆ ಅಂತ ಮಾಡಿ ನೋಡಿ ಕಲಿತದ್ದು ಅಲ್ಲಿ. ಲಾಡ್‌ಖಾನ್ ಗುಡಿ ನೋಡಿ. ಚಾವಣಿಯ ಕಲ್ಲುಚಪ್ಪಡಿಗಳ ಸಂದು ಮುಚ್ಚುವುದಕ್ಕೆ ಉದ್ದನೆಯ ಕಲ್ಲಿನ ಪಟ್ಟಿ ಇಟ್ಟಿದ್ದಾರೆ, ಮರದ ಮನೆಗೆ ದಿಮ್ಮಿ ಇಡುವ ಹಾಗೆ. ಕಲ್ಲು ಕೈಗೆ ಬಂದಿದೆ, ಮನಸ್ಸು ಇನ್ನೂ ಮರದಲ್ಲೇ ಇದೆ. ದುರ್ಗ ಗುಡಿಯ ಹಿಂಭಾಗ ಆನೆಯ ಬೆನ್ನಿನ ಹಾಗೆ ಗುಂಡಗಿದೆ. ಅಂದಹಾಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದ ಅಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ. ಬೆಟ್ಟದ ಮೇಲಿನ ಮೇಗುತಿ ಜಿನಾಲಯದಲ್ಲಿ 634ನೇ ಇಸವಿಯ ಶಾಸನ ಇದೆ. ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದದ್ದು. ಒಂದು ಗುಡಿಯ ಹಾಗೆ ಇನ್ನೊಂದಿಲ್ಲ. ಮಗು ತೊದಲಿ ತೊದಲಿ ಮಾತು ಕಲಿಯುವ ಹಾಗೆ ಕಲಿತಿದ್ದಾರೆ. ಆ ಕಲಿಕೆ ಪಕ್ವವಾಗಿ ಕಾಣುವುದು ಕೆಲವೇ ಮೈಲಿ ದೂರದ ಪಟ್ಟದಕಲ್ಲಿನಲ್ಲಿ, ಎಂಟನೇ ಶತಮಾನದ ವಿರೂಪಾಕ್ಷ ಗುಡಿಯಲ್ಲಿ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಪಟ್ಟದಕಲ್ಲೇ. ಹಾಗಾಗಿ ಐಹೊಳೆಗೆ 'ತೊಟ್ಟಿಲು' ಎಂಬುದು ನೂರಕ್ಕೆ ನೂರು ಒಪ್ಪುವ ಮಾತು. ಅಲ್ಲಿ ಶೈಶವ ಕಣ್ಣಿಗೆ ಕಾಣುತ್ತದೆ.

ಬ್ಯಾಂಕುಗಳ ವಿಷಯ ಬೇರೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ 1906ರಲ್ಲಿ ಎರಡು ಬ್ಯಾಂಕು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ಇವೆಲ್ಲ ಅಲ್ಲಿ ಹುಟ್ಟಿದ್ದು ಮಾತ್ರವಲ್ಲ, ಅಲ್ಲೇ ಬೆಳೆದು ದೇಶವೆಲ್ಲ ಹರಡಿದವು. ಆಮೇಲೆ 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನ ಮನೆ ಸೇರಿತು. 2020ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾ ಬ್ಯಾಂಕಿಗೆ ಸೇರಿದವು. ಹೆಸರೂ ಬದಲಾಯಿತು. ಹುಟ್ಟೂರಿನ ಜನ ಇವತ್ತಿಗೂ ಹಳೇ ಹೆಸರನ್ನೇ ಹೇಳುತ್ತಾರೆ, ಮದುವೆಯಾಗಿ ಹೋದ ಮಗಳನ್ನು ಹುಟ್ಟಿದ ಮನೆಯ ಹೆಸರಿನಿಂದಲೇ ಕರೆಯುವ ಹಾಗೆ. ಇದಕ್ಕೆ 'ತವರು' ಎಂಬ ಪದವೇ ಸರಿ. 'ತೊಟ್ಟಿಲು' ಅಂದರೆ ತಪ್ಪಲ್ಲ, ಆದರೆ ಅದರಲ್ಲಿ ಅರ್ಧ ಕಥೆ ಮಾತ್ರ ಇದೆ.

ಯಾವುದನ್ನು ಬಳಸಬೇಕು ಎಂಬ ಅನುಮಾನ ಬಂದರೆ ಹೀಗೆ ಕೇಳಿಕೊಳ್ಳಿ: ನಾನು ಹೇಳುತ್ತಿರುವುದು ಅದರ ಎಳೆತನವನ್ನೋ, ಅದು ಹೊರಟುಬಂದ ಮನೆಯನ್ನೋ?

ನಾಗರಿಕತೆಯ ತೊಟ್ಟಿಲು ಯಾವುದು? ಮಾನವಕುಲದ ತೊಟ್ಟಿಲು?

ನಾಗರಿಕತೆಯ ತೊಟ್ಟಿಲು ಎಂದು ಸಾಮಾನ್ಯವಾಗಿ ಕರೆಯುವುದು ಮೆಸೊಪೊಟೇಮಿಯಾವನ್ನು. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಡುವಿನ ನಾಡು, ಬಹುಪಾಲು ಇಂದಿನ ಇರಾಕ್. ಆದರೆ ನೈಲ್, ಸಿಂಧೂ, ಹಳದಿ ನದಿಯ ದಂಡೆಗಳಲ್ಲೂ ನಾಗರಿಕತೆ ಹುಟ್ಟಿತು. ಹಾಗಾಗಿ 'ತೊಟ್ಟಿಲುಗಳು' ಎಂದು ಬಹುವಚನದಲ್ಲಿ ಬರೆಯುವುದೇ ಸರಿ ಅನಿಸುತ್ತದೆ.

'ಮಾನವಕುಲದ ತೊಟ್ಟಿಲು' ಎಂಬುದು ಒಂದು ಜಾಗದ ಅಧಿಕೃತ ಹೆಸರೇ ಆಗಿದೆ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿಯ ಸುಣ್ಣಕಲ್ಲಿನ ಗುಹೆಗಳ ಪ್ರದೇಶ ಅದು. ಅಲ್ಲಿನ ಸ್ಟರ್ಕ್‌ಫಾಂಟೈನ್ ಗುಹೆಯಲ್ಲಿ 1947ರಲ್ಲಿ ಇಪ್ಪತ್ತು ಲಕ್ಷ ವರ್ಷಕ್ಕೂ ಹಳೆಯ ತಲೆಬುರುಡೆ ಸಿಕ್ಕಿತು. 1999ರಲ್ಲಿ ಈ ಪ್ರದೇಶ ಯುನೆಸ್ಕೊ ಪಟ್ಟಿಗೆ ಸೇರಿತು.

ಭೂಮಿಯನ್ನೇ ತೊಟ್ಟಿಲು ಅಂದವರೂ ಇದ್ದಾರೆ. ರಾಕೆಟ್ ವಿಜ್ಞಾನಕ್ಕೆ ಬುನಾದಿ ಹಾಕಿದ ರಷ್ಯಾದ ತ್ಸಿಯೋಲ್ಕೋವ್ಸ್ಕಿ 1911ರ ಒಂದು ಕಾಗದದಲ್ಲಿ ಈ ಹೋಲಿಕೆ ಮಾಡಿದರು: ಮನುಷ್ಯ ಇಲ್ಲೇ ಹುಟ್ಟಿದ, ಆದರೆ ಯಾವಾಗಲೂ ತೊಟ್ಟಿಲಲ್ಲೇ ಇರಲಾಗದು. ಇದನ್ನು ಕನ್ನಡಕ್ಕೆ ತರುವಾಗ 'ತವರು' ಹಾಕಿದರೆ ಅರ್ಥವೇ ಕೆಡುತ್ತದೆ. ಅವರು ಹೇಳುತ್ತಿದ್ದದ್ದು ನಮ್ಮ ಎಳೆತನವನ್ನು.

'ತೊಟ್ಟಿಲು ತೂಗುವ ಕೈ ಜಗತ್ತನ್ನೇ ಆಳಬಲ್ಲದು' ನಮ್ಮ ಗಾದೆಯೇ?

ಅಲ್ಲ. ಅಮೆರಿಕದ ಕವಿ ವಿಲಿಯಂ ರಾಸ್ ವ್ಯಾಲೇಸ್ 1865ರಲ್ಲಿ ಬರೆದ ಪದ್ಯದ ಸಾಲು. ಕನ್ನಡಕ್ಕೆ ಎಷ್ಟು ಚೆನ್ನಾಗಿ ಒಗ್ಗಿದೆಯೆಂದರೆ ನಮ್ಮದೇ ಅನಿಸುತ್ತದೆ.

ನಮ್ಮ ಮಣ್ಣಿನದು ಬೇಕಾದರೆ 'ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದ ಹಾಗೆ' ಇದೆ. ತಾನೇ ನೋಯಿಸಿ, ತಾನೇ ಸಮಾಧಾನ ಮಾಡುವ ನಾಟಕಕ್ಕೆ ಇದಕ್ಕಿಂತ ಮೊನಚಾದ ಮಾತು ನಾನು ಬೇರೆ ಕಂಡಿಲ್ಲ. ರಾಜಕೀಯದ ವರದಿಗಳಲ್ಲಿ ಈ ಮಾತು ಆಗಾಗ ಬರುತ್ತಿರುತ್ತದೆ. 'ತೊಟ್ಟಿಲಿನಿಂದ ಚಟ್ಟದವರೆಗೆ' ಅಂದರೆ ಹುಟ್ಟಿನಿಂದ ಸಾವಿನ ತನಕ. ತಮಿಳಿನಲ್ಲಿ ತೊಟ್ಟಿಲಿನ ಅಭ್ಯಾಸ ಸುಡುಗಾಡಿನ ತನಕ ಎಂಬ ಗಾದೆ ಇದೆ.

'ತೊಟ್ಟಿಲ ಮದುವೆ' ಎಂಬುದನ್ನೂ ಕೇಳಿರಬಹುದು. ಮಗು ತೊಟ್ಟಿಲಲ್ಲಿರುವಾಗಲೇ ಸಂಬಂಧ ನಿಶ್ಚಯಿಸುತ್ತಿದ್ದ ಕೆಟ್ಟ ಪದ್ಧತಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡಿಸುವುದು ಅಪರಾಧ.

ಜಾತ್ರೆಯಲ್ಲಿ ತಿರುಗುವ ದೊಡ್ಡ ಚಕ್ರಕ್ಕೂ ತೊಟ್ಟಿಲು ಅನ್ನುವುದು ಯಾಕೆ?

ಹಳೆಯ ಜಾತ್ರೆಗಳ ಮರದ ಚಕ್ರದಲ್ಲಿ ಕೂರುವುದಕ್ಕೆ ನಾಲ್ಕು ಪೆಟ್ಟಿಗೆ ಇಳಿಬಿದ್ದಿರುತ್ತಿದ್ದವು. ಕೈಯಿಂದಲೇ ತಿರುಗಿಸುತ್ತಿದ್ದರು. ಪೆಟ್ಟಿಗೆ ತೂಗುವುದು ತೊಟ್ಟಿಲಿನ ಹಾಗೆಯೇ. ಈಗ ಕಬ್ಬಿಣದ ದೈತ್ಯ ಚಕ್ರ ಬಂದರೂ 'ತೊಟ್ಟಿಲು ಹತ್ತೋಣ' ಎಂಬ ಮಾತು ಉಳಿದಿದೆ. ಇಂಗ್ಲಿಷಿನವರಿಗೆ ಇದನ್ನು 'ಕ್ರೇಡಲ್' ಅಂತ ಕರೆಯುವ ಯೋಚನೆಯೇ ಬರಲಿಲ್ಲ. ನಮಗೆ ಬೇರೆ ಹೆಸರೇ ಹೊಳೆಯಲಿಲ್ಲ. ಪದ ಎತ್ತ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಟೆಲಿಫೋನ್, ಹಡಗು, ಕ್ರಿಕೆಟ್, ಇಲ್ಲೆಲ್ಲ 'ಕ್ರೇಡಲ್' ಬರುತ್ತದೆ. ಕನ್ನಡದಲ್ಲಿ ಏನು ಹೇಳಬೇಕು?

ಹಳೇ ಫೋನಿನ ರಿಸೀವರ್ ಇಡುವ ಜಾಗ, ಕಟ್ಟುತ್ತಿರುವ ಹಡಗಿಗೆ ಆಸರೆಯಾಗುವ ಚೌಕಟ್ಟು, ಇವೆಲ್ಲ ಹಿಡಿದುಕೊಳ್ಳುವ ತಳಗಳು. 'ಆಸರೆ', 'ಚೌಕಟ್ಟು', 'ಸ್ಟ್ಯಾಂಡ್' ಸಾಕು. ಎತ್ತರದ ಕಟ್ಟಡದ ಗಾಜು ಒರೆಸುವವರು ನಿಲ್ಲುವ ಅಟ್ಟಣಿಗೆ ಮಾತ್ರ ಮೇಲಿಂದ ಇಳಿಬಿದ್ದು ತೂಗುತ್ತದೆ. ಅದಕ್ಕೆ ತೊಟ್ಟಿಲು ಅಂದರೆ ನಾನು ಖುಷಿಯಿಂದ ಒಪ್ಪುತ್ತೇನೆ. ಸ್ಲಿಪ್ ಕ್ಯಾಚ್ ಅಭ್ಯಾಸಕ್ಕೆ ಬಳಸುವ ಬಾಗಿದ ಮರದ ಚೌಕಟ್ಟನ್ನು ಆಟಗಾರರು 'ಸ್ಲಿಪ್ ಕ್ರೇಡಲ್' ಅಂತಲೇ ಕರೆಯುತ್ತಾರೆ. ಬದಲಾಯಿಸುವ ಅಗತ್ಯ ಕಾಣುವುದಿಲ್ಲ.

ಮೇಜಿನ ಮೇಲೆ ಐದು ಉಕ್ಕಿನ ಗುಂಡು ಸಾಲಾಗಿ ತೂಗುವ ಆಟಿಕೆ ಇದೆಯಲ್ಲ, ಅದು 'ನ್ಯೂಟನ್ ತೊಟ್ಟಿಲು'. ಒಂದು ತುದಿಯ ಗುಂಡು ಎತ್ತಿ ಬಿಟ್ಟರೆ ಇನ್ನೊಂದು ತುದಿಯ ಗುಂಡು ಹಾರುತ್ತದೆ, ನಡುವಿನ ಮೂರು ಅಲುಗುವುದೇ ಇಲ್ಲ ಅನಿಸುತ್ತದೆ. ಸಂವೇಗ ಮತ್ತು ಶಕ್ತಿ ಎರಡೂ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಇದರ ಪ್ರಯೋಗ ಮಾಡಿದವರು ಫ್ರಾನ್ಸಿನ ಮಾರಿಯೊಟ್. ನ್ಯೂಟನ್ ತಮ್ಮ ಗ್ರಂಥದಲ್ಲಿ ಅವರನ್ನು ನೆನೆದಿದ್ದಾರೆ.

'ತೊಟ್ಟಿಲ ಪುಸ್ತಕ' ಅಂದರೆ ಮಕ್ಕಳ ಪುಸ್ತಕವೇ?

ಅಲ್ಲ. ಯುರೋಪಿನಲ್ಲಿ ಮುದ್ರಣ ಶುರುವಾದ ಮೇಲೆ 1500ನೇ ಇಸವಿಯ ಕೊನೆಯೊಳಗೆ ಅಚ್ಚಾದ ಪುಸ್ತಕಗಳು. ಲ್ಯಾಟಿನ್ನಿನಲ್ಲಿ ಇವನ್ನು 'ಇನ್‌ಕ್ಯುನಾಬುಲಾ' ಅನ್ನುತ್ತಾರೆ. ತೊಟ್ಟಿಲಿನ ಬಟ್ಟೆಬರೆ, ಎಳೆತನ ಎಂಬ ಅರ್ಥ. ಜರ್ಮನರು ನೇರವಾಗಿ 'ತೊಟ್ಟಿಲ ಮುದ್ರಣ' ಅಂದುಬಿಟ್ಟಿದ್ದಾರೆ.

ಆಸ್ಪತ್ರೆ, ಅನಾಥಾಲಯಗಳ ಮುಂದೆ ತೊಟ್ಟಿಲು ಇಟ್ಟಿರುತ್ತಾರಲ್ಲ, ಅದು ಏನು?

ಮಗುವನ್ನು ಸಾಕಲಾರದವರು ಕಸದ ಗುಂಡಿಯಲ್ಲೋ ಪೊದೆಯಲ್ಲೋ ಬಿಡದಿರಲಿ, ಇಲ್ಲಿ ಬಿಡಲಿ, ಜೀವ ಉಳಿಯಲಿ ಅಂತ ಇಟ್ಟದ್ದು. ತಮಿಳುನಾಡಿನ ಸೇಲಂ ಜಿಲ್ಲೆಯಲ್ಲಿ ಹೆಣ್ಣುಶಿಶು ಹತ್ಯೆ ತಡೆಯಲು 1992ರಲ್ಲಿ ಜಯಲಲಿತಾ ಸರ್ಕಾರ ತೊಟ್ಟಿಲು ಶಿಶು ಯೋಜನೆ ಶುರು ಮಾಡಿತು. ಕೇರಳದಲ್ಲಿ ಇದರ ಹೆಸರು 'ಅಮ್ಮತೊಟ್ಟಿಲ್', 2002ರಲ್ಲಿ ತಿರುವನಂತಪುರದಲ್ಲಿ ಮೊದಲಾಯಿತು. ಕರ್ನಾಟಕದಲ್ಲೂ ಇಂಥ ತೊಟ್ಟಿಲುಗಳಿವೆ.

ದಯವಿಟ್ಟು ಇದೊಂದನ್ನು ತಿಳಿದಿರಿ. ಮಗುವನ್ನು ಕದ್ದುಮುಚ್ಚಿ ಬಿಟ್ಟುಹೋಗುವ ಅಗತ್ಯವೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಲು ದಾರಿ ಇದೆ. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು ಎರಡು ತಿಂಗಳ ಸಮಯ ಕೊಡುತ್ತಾರೆ. 1098ಕ್ಕೆ ಕರೆ ಮಾಡಿದರೆ ಮಕ್ಕಳ ಸಹಾಯವಾಣಿಯವರು ಮಾತಾಡುತ್ತಾರೆ.

ತೂಗಿದರೆ ಮಗು ಯಾಕೆ ನಿದ್ದೆ ಹೋಗುತ್ತದೆ? ತೊಟ್ಟಿಲು ಅಪಾಯವಿಲ್ಲವೇ?

ಒಂದೇ ಲಯದ ನಿಧಾನ ತೂಗಾಟವನ್ನು ಒಳಕಿವಿಯ ಸಮತೋಲನದ ಅಂಗ ಗುರುತಿಸುತ್ತದೆ. ಮಿದುಳಿಗೆ ಅದು ನಿದ್ದೆಯ ಕರೆ. ದೊಡ್ಡವರಿಗೂ ಇದು ನಿಜ. ಜಿನೀವಾ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿಧಾನ ತೂಗುವ ಹಾಸಿಗೆಯಲ್ಲಿ ಮಲಗಿದ ದೊಡ್ಡವರು ಬೇಗ ನಿದ್ದೆ ಹೋಗಿದ್ದರು.

ಅಪಾಯ ಇರುವುದು ನಾವು ಬಳಸುವ ರೀತಿಯಲ್ಲಿ. ತಳ ಸಪಾಟಾಗಿ, ಗಟ್ಟಿಯಾಗಿ ಇರಲಿ. ವರ್ಷ ತುಂಬದ ಮಗುವನ್ನು ಅಂಗಾತ ಮಲಗಿಸಿ. ದಿಂಬು, ದಪ್ಪ ಹೊದಿಕೆ, ಗೊಂಬೆ ಒಳಗೆ ಬೇಡ. ಜೋಲಿಯಲ್ಲಿ ಕತ್ತು ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರು ಕಟ್ಟಬಹುದು, ಹಾಗಾಗಿ ಒಂಟಿಯಾಗಿ ಬಿಡಬೇಡಿ. ಸೀರೆ ಜೋಲಿಯನ್ನು ದೊಡ್ಡ ಮಕ್ಕಳು ಸುತ್ತಿ ಸುತ್ತಿ ಆಡುವಾಗ ಕುತ್ತಿಗೆಗೆ ಬಿಗಿದು ಪ್ರಾಣ ಹೋದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಮಗು ಏಳುತ್ತಿದ್ದ ಹಾಗೆ ಜೋಲಿಯನ್ನು ಗಂಟು ಹಾಕಿ ಮೇಲಕ್ಕೆ ಕಟ್ಟಿಬಿಡಿ. ಮಗು ಮಗುಚಲು, ಕಟಕಟೆ ಹಿಡಿದು ಏಳಲು ಶುರು ಮಾಡಿದ ದಿನವೇ ತೊಟ್ಟಿಲಿನಿಂದ ನೆಲದ ಹಾಸಿಗೆಗೆ ಇಳಿಸಿ. ಅಳು ನಿಲ್ಲದಿದ್ದಾಗ ಸಿಟ್ಟಿನಲ್ಲಿ ಜೋರಾಗಿ ಕುಲುಕುವುದಂತೂ ಬೇಡವೇ ಬೇಡ. ಮಿದುಳಿಗೆ ಪೆಟ್ಟಾಗುತ್ತದೆ.

ನೆತ್ತಿಯ ಮೇಲೆ ಹಳದಿ ಹಕ್ಕಳೆ ಕಟ್ಟುವುದನ್ನು ಇಂಗ್ಲಿಷಿನಲ್ಲಿ 'ಕ್ರೇಡಲ್ ಕ್ಯಾಪ್' ಅನ್ನುತ್ತಾರೆ. ತೊಟ್ಟಿಲಿಗೂ ಅದಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ. ಕೆರೆಯಬೇಡಿ.

ಖಾಲಿ ತೊಟ್ಟಿಲು ತೂಗಬಾರದೇ?

ತೂಗಿದರೆ ಮಗುವಿಗೆ ಒಳ್ಳೆಯದಲ್ಲ ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಕೆಡುಕಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೂ ನಾನು ತೂಗುವುದಿಲ್ಲ. ಮಗು ಕಳೆದುಕೊಂಡ ಮನೆಯಲ್ಲಿ ಖಾಲಿ ತೊಟ್ಟಿಲು ಆಡುವುದನ್ನು ಒಮ್ಮೆ ನೋಡಿದವರು ಯಾರೂ ತೂಗಲಾರರು.

ಮಗು ದೊಡ್ಡದಾಯಿತು. ತೊಟ್ಟಿಲನ್ನು ಏನು ಮಾಡಲಿ?

ಬಿಚ್ಚಿ ಅಟ್ಟಕ್ಕೆ ಹಾಕಬೇಡಿ, ಹುಳ ಹಿಡಿಯುತ್ತದೆ. ಕೊಡಿ. ನಮ್ಮ ಕಡೆ ತೊಟ್ಟಿಲು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತದೆ. ಕೊಡುವಾಗ ಒಳಗೆ ಖಾಲಿ ಇರಬಾರದು ಅಂತ ಅಜ್ಜಿ ಒಂದು ಹಳೇ ಸೀರೆ ಮಡಿಸಿ ಇಡುತ್ತಿದ್ದರು, ಮಗುವಿನ ಕೆಳಗೆ ಹಾಸುವುದಕ್ಕೆ. ಎತ್ತಿನ ಗಾಡಿಯಲ್ಲಿ ಬಂದ ಆ ತೊಟ್ಟಿಲು ಈಗ ಚಿಕ್ಕಪ್ಪನ ಮಗಳ ಬಾಡಿಗೆ ಮನೆಯಲ್ಲಿದೆ. ಅಲ್ಲಿ ತೊಲೆ ಇಲ್ಲ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದಾಳೆ. ಒಂದು ಸರಪಳಿ ಮಾತ್ರ ಹೊಸದು.